‘ಜಾಗಕ್ಕೆ ಹಾಕಿದ ದುಡ್ಡು ಎಲ್ಲಿ ಹೋಗುತ್ತೆ?’: ವೋಕಿಂಗ್‌ನಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಒಂಬತ್ತು ವರ್ಷದಿಂದ ಇಂಗ್ಲೆಂಡಿನ ವೋಕಿಂಗ್‌ನಲ್ಲಿದ್ದೇವೆ. ಸ್ಟೇಷನ್ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡಿದ್ದೇವೆ, ಸಾಲ ಇನ್ನೂ ಇದೆ. ನಮ್ಮ ಕೌನ್ಸಿಲ್ (ಅಂದರೆ ಇಲ್ಲಿನ ನಗರಸಭೆ) ರಿಯಲ್ ಎಸ್ಟೇಟ್‌ನಲ್ಲಿ ಜೂಜಾಡಿ ದಿವಾಳಿಯಾಗಿದೆ, ಆಫೀಸ್ ಕಟ್ಟಡಗಳನ್ನು ಬಾಡಿಗೆ ಆಸೆಗೆ ಕೊಂಡು ಮುಳುಗಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಊರಿನಲ್ಲಿರುವ ಅಪ್ಪನಿಗೆ ಹೇಳಿದರೆ, ‘ಜಾಗಕ್ಕೆ ಹಾಕಿದ ದುಡ್ಡು ಎಲ್ಲಿ ಹೋಗುತ್ತಮ್ಮಾ? ಇವತ್ತಲ್ಲ ನಾಳೆ ಬೆಲೆ ಬಂದೇ ಬರುತ್ತೆ’ ಅಂದರು. ಯಾರ ಮಾತು ನಿಜ? ಈ ಸಾಲವನ್ನು ನಮ್ಮ ಮನೆ ಮೇಲೆ ಹಾಕುತ್ತಾರಾ? ಫ್ಲ್ಯಾಟ್ ಮಾರಿ ಪಕ್ಕದ ಊರು ಗಿಲ್ಫರ್ಡ್‌ಗೆ ಹೋಗೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ನಮ್ಮದಿನ್ನೂ ಭಾರತದ ಪಾಸ್‌ಪೋರ್ಟ್. ನಮ್ಮಂಥವರು ಇದರಲ್ಲಿ ಏನಾದರೂ ಮಾಡೋಕಾಗುತ್ತಾ, ಅಥವಾ ಸುಮ್ನೆ ತೆರಿಗೆ ಕಟ್ಟಿಕೊಂಡು ಇರಬೇಕಾ?

ಉತ್ತರ: ಮೊದಲು ನಿದ್ದೆ ಕೆಡಿಸುವ ವಿಷಯ ಮುಗಿಸಿಬಿಡೋಣ. ಕೌನ್ಸಿಲ್ ಮಾಡಿದ ಸಾಲಕ್ಕೆ ನಿಮ್ಮ ಫ್ಲ್ಯಾಟ್ ಹೊಣೆಯಲ್ಲ. 2003ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ ಕೌನ್ಸಿಲ್‌ನ ಸಾಲಕ್ಕೆ ಆಧಾರ ಅದರ ವರಮಾನ ಮಾತ್ರ. ಊರಿನವರ ಮನೆ, ಸಂಬಳ, ಉಳಿತಾಯ ಯಾವುದನ್ನೂ ಮುಟ್ಟುವ ಹಾಗಿಲ್ಲ. ನಿಮಗೆ ಬಿಸಿ ತಟ್ಟುವುದು ಎರಡೇ ದಾರಿಯಲ್ಲಿ: ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಏರಿಕೆ ಮತ್ತು ಸೇವೆಗಳ ಕಡಿತ. ಎರಡೂ ಆಗಲೇ ಶುರುವಾಗಿವೆ.

ನಾನು ಇಲ್ಲಿನ ಕೌನ್ಸಿಲ್‌ಗಳ ಹಣಕಾಸು ವಿಭಾಗದಲ್ಲಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಇಂಥ ಖರೀದಿಗಳ ಕಡತ ನನ್ನ ಮೇಜಿನ ಮೇಲೂ ಬಂದಿದೆ. ಕೆಲವಕ್ಕೆ ಸಹಿ ಹಾಕಿದ್ದೇನೆ. ಹಾಗಾಗಿ ಪೂರ್ತಿ ಹೊರಗೆ ನಿಂತು ಬೈಯುವ ಹಕ್ಕು ನನಗಿಲ್ಲ ಅನ್ನುವುದನ್ನು ಮುಂಚೆಯೇ ಹೇಳಿಬಿಡುತ್ತೇನೆ.

ನಿಮ್ಮ ಪಕ್ಕದ ಮನೆಯವರು ಎರಡು ಊರಿನ ಕತೆಯನ್ನು ಒಂದು ಮಾಡಿಬಿಟ್ಟಿದ್ದಾರೆ. ಬಾಡಿಗೆ ಆಸೆಗೆ ದೊಡ್ಡ ದೊಡ್ಡ ಆಫೀಸ್ ಕಟ್ಟಡ ಕೊಂಡು ಹೆಸರಾದದ್ದು ನಿಮಗೆ ಹತ್ತಿರದ ಸ್ಪೆಲ್ತಾರ್ನ್. ಲಕ್ಷದ ಆಸುಪಾಸು ಜನ ಇರುವ ಸಣ್ಣ ‘ಬರೋ’ ಅದು, ಅಂದರೆ ವೋಕಿಂಗ್ ಹಾಗೆಯೇ ತನ್ನದೇ ಕೌನ್ಸಿಲ್ ಇರುವ ಪ್ರದೇಶ. 2016ರಲ್ಲಿ ಸನ್‌ಬರಿಯಲ್ಲಿದ್ದ ಬಿಪಿ ಎಣ್ಣೆ ಕಂಪನಿಯ ಕ್ಯಾಂಪಸ್ಸನ್ನು 35 ಕೋಟಿ ಪೌಂಡ್‌ಗೂ ಜಾಸ್ತಿ ಕೊಟ್ಟು ಕೊಂಡಿತು. ಕೊಂಡ ಮೇಲೆ ಅದೇ ಬಿಪಿಗೆ ಬಾಡಿಗೆಗೆ ಕೊಟ್ಟಿತು. ಹೀಗೇ ಕೊಳ್ಳುತ್ತಾ ಹೋಗಿ ಒಟ್ಟು ಸಾಲ 100 ಕೋಟಿ ಪೌಂಡ್ ಹತ್ತಿರ ಮುಟ್ಟಿತು.

ವೋಕಿಂಗ್ ಕೂಡ ಕೊಂಡಿದೆ, ಇಲ್ಲ ಅನ್ನುವುದಿಲ್ಲ. ನೀವು ದಿನಾ ದಾಟಿ ಹೋಗುವ ವೂಲ್ಸಿ ಪ್ಲೇಸ್ ಮಳಿಗೆಗಳು, ಡ್ಯೂಕ್ಸ್ ಕೋರ್ಟ್ ಆಫೀಸ್ ಕಟ್ಟಡ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ. ಆದರೆ ದೊಡ್ಡ ಹೊಡೆತ ಬಿದ್ದದ್ದು ಕೊಂಡಿದ್ದರಿಂದ ಅಲ್ಲ, ಕಟ್ಟಿದ್ದರಿಂದ. ಸ್ಟೇಷನ್ನಿನಿಂದ ಇಳಿದ ತಕ್ಷಣ ಕಾಣುವ ವಿಕ್ಟೋರಿಯಾ ಸ್ಕ್ವೇರ್ ಗೋಪುರಗಳು, ಹಿಲ್ಟನ್ ಹೋಟೆಲ್, ಕೆಳಗಿನ ಅಂಗಡಿಗಳು, ಇವನ್ನೆಲ್ಲ ಕಟ್ಟಿಸಿದ್ದು ಕೌನ್ಸಿಲ್ ಪಾಲುದಾರನಾಗಿದ್ದ ಒಂದು ಕಂಪನಿ. ಕೌನ್ಸಿಲ್ ಸರ್ಕಾರದಿಂದ ಸಾಲ ತಂದು ಆ ಕಂಪನಿಗೆ ಸಾಲ ಕೊಟ್ಟಿತು. ಟೇಮ್ಸ್‌ವೇ ಅನ್ನುವ ತನ್ನದೇ ಕಂಪನಿಗಳ ಗುಂಪಿಗೂ ಹಾಗೇ ಕೊಟ್ಟಿತು. ಗೋಪುರ ಎದ್ದು ನಿಂತಾಗ ಅದಕ್ಕೆ ಹಾಕಿದ ದುಡ್ಡಿಗೂ ಅದರ ಮಾರುಕಟ್ಟೆ ಬೆಲೆಗೂ ತಾಳೆಯೇ ಇರಲಿಲ್ಲ.

2023ರ ಜೂನ್ 7ರಂದು ಕೌನ್ಸಿಲ್‌ನ ಹಣಕಾಸು ಮುಖ್ಯಸ್ಥರು 114ನೇ ಸೆಕ್ಷನ್ನಿನ ನೋಟಿಸ್ ಕೊಟ್ಟರು. ಆಗ ಸಾಲ 180 ಕೋಟಿ ಪೌಂಡ್ ದಾಟಿತ್ತು. ಕಾಣುತ್ತಿದ್ದ ಕೊರತೆ 120 ಕೋಟಿ. ಆ ವರ್ಷ ಕೌನ್ಸಿಲ್ ಖರ್ಚಿಗೆ ಇದ್ದ ದುಡ್ಡು ಬರೀ 1.6 ಕೋಟಿ. ಊರಿನ ಜನಸಂಖ್ಯೆ ಒಂದು ಲಕ್ಷ ನಾಲ್ಕು ಸಾವಿರದಷ್ಟು. ಸಾಲವನ್ನು ತಲೆಗೆ ಹಂಚಿದರೆ ಕೂಸು, ಮುದುಕರು ಎಲ್ಲ ಸೇರಿ ಒಬ್ಬೊಬ್ಬರಿಗೆ ಹದಿನೇಳು ಸಾವಿರ ಪೌಂಡ್ ದಾಟುತ್ತದೆ.

ಇನ್ನು ‘ದಿವಾಳಿ’ ಅನ್ನುವ ಮಾತು. ಇಲ್ಲಿ ಕೌನ್ಸಿಲ್ ದಿವಾಳಿ ಎದ್ದುಹೋಗಲು ಕಾನೂನಿನಲ್ಲಿ ದಾರಿಯೇ ಇಲ್ಲ. ಕಂಪನಿಯ ಹಾಗೆ ಬಾಗಿಲು ಹಾಕುವುದಿಲ್ಲ. 114ರ ನೋಟಿಸ್ ಅಂದರೆ ‘ಇನ್ನು ಮೇಲೆ ಅನಿವಾರ್ಯ ಅಲ್ಲದ ಹೊಸ ಖರ್ಚು ಬಂದ್’ ಅಂತ. 21 ದಿನದೊಳಗೆ ಕೌನ್ಸಿಲ್ ಸಭೆ ಸೇರಿ ಅದರ ಬಗ್ಗೆ ಚರ್ಚಿಸಬೇಕು. ನೌಕರರಿಗೆ ಸಂಬಳ ಬರುತ್ತದೆ, ಕಸದ ಗಾಡಿ ಬರುತ್ತದೆ, ಕಾನೂನಿನಲ್ಲಿ ಕಡ್ಡಾಯ ಅಂತ ಇರುವ ಕೆಲಸಗಳು ನಡೆಯುತ್ತವೆ. ಹೋಗುವುದು ಕಡ್ಡಾಯ ಅಲ್ಲದವು. ನಿಮ್ಮ ಮಕ್ಕಳ ಈಜುಕೊಳ, ಸಂಘ ಸಂಸ್ಥೆಗಳ ಅನುದಾನ, ಪಾರ್ಕಿನ ಶೌಚಾಲಯ, ಇಂಥವಕ್ಕೆ ಮೊದಲು ಕತ್ತರಿ. ಲಂಡನ್ನಿನಿಂದ ಸರ್ಕಾರ ಕಳಿಸಿದ ಕಮಿಷನರ್‌ಗಳು ಬಂದು ಕೂತು ಒಂದೊಂದು ಖರ್ಚನ್ನೂ ನೋಡುತ್ತಾರೆ.

ಈಗ ನಿಮ್ಮ ತಂದೆಯವರ ಮಾತಿಗೆ ಬರೋಣ. ಇದೇ ನಂಬಿಕೆ ಇಲ್ಲಿನ ಎಷ್ಟೋ ಕೌನ್ಸಿಲರ್‌ಗಳಿಗೂ ಇತ್ತು. ಸಭೆಯಲ್ಲಿ ನಾನೇ ಕೇಳಿದ್ದೇನೆ: ‘ಕಟ್ಟಡ ಎಲ್ಲಿಗೂ ಓಡಿಹೋಗಲ್ಲ ಅಲ್ವಾ?’ ದಾವಣಗೆರೆಯಲ್ಲಿ ಒಂದು ಸೈಟು ಕೊಂಡು ಖಾತೆ ಮಾಡಿಸಿ ಇಟ್ಟರೆ ಅದಕ್ಕೆ ಖರ್ಚಿಲ್ಲ. ವರ್ಷಕ್ಕೊಮ್ಮೆ ಒಂದಿಷ್ಟು ಕಂದಾಯ, ಕಳೆ ಕೀಳಿಸಿದರೆ ಆಯಿತು. ಕೈದುಡ್ಡಿನಿಂದ ಕೊಂಡಿದ್ದರೆ ಬಡ್ಡಿಯ ಕಾಟವೂ ಇಲ್ಲ. ಹತ್ತು ವರ್ಷ ಸುಮ್ನೆ ಬಿಡಬಹುದು. ಬೇರೆಯವರಿಗೆ ಲೀಸಿಗೆ ಕೊಟ್ಟ ಆಫೀಸ್ ಕಟ್ಟಡ ಅಂಥದ್ದಲ್ಲ. ಅದರ ಬೆಲೆ ಇರುವುದು ಮಣ್ಣಿನಲ್ಲಲ್ಲ, ಬಾಡಿಗೆದಾರನ ಸಹಿಯಲ್ಲಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿ ಅಂದಾಜಿನದು, ಆದರೆ ನಾನು ನೋಡಿದ ಕಡತಗಳ ಅಚ್ಚು ಇದೇ. ಕಟ್ಟಡದ ಬೆಲೆ 10 ಕೋಟಿ ಪೌಂಡ್. ವರ್ಷಕ್ಕೆ ಬಾಡಿಗೆ 55 ಲಕ್ಷ. ಪೂರ್ತಿ ಸಾಲ, ಬಡ್ಡಿ ಎರಡೂವರೆ ಪರ್ಸೆಂಟ್, ಅಂದರೆ 25 ಲಕ್ಷ. ಉಳಿದದ್ದು 30 ಲಕ್ಷ. ಕಡತದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರುವುದು ಈ 30 ಲಕ್ಷವೇ. ಕೌನ್ಸಿಲರ್‌ಗಳು ಓದುವುದೂ ಅಷ್ಟೇ.

ಆದರೆ ಅಸಲು ತೀರಿಸಬೇಕಲ್ಲ. 50 ವರ್ಷದ ಸಾಲ ಅಂದುಕೊಂಡರೂ ವರ್ಷಕ್ಕೆ 20 ಲಕ್ಷ ಎತ್ತಿಡಬೇಕು. ಉಳಿದದ್ದು 10 ಲಕ್ಷ. ಲಿಫ್ಟು, ಬಾಯ್ಲರು, ಸೂರು ರಿಪೇರಿಗೆ ಅದರಲ್ಲೇ ಇಡಬೇಕು. ಆಮೇಲೆ ಒಂದು ದಿನ ಬಾಡಿಗೆದಾರ ಒಪ್ಪಂದದಲ್ಲಿದ್ದ ಅವಕಾಶ ಬಳಸಿಕೊಂಡು ಖಾಲಿ ಮಾಡುತ್ತಾನೆ. ಬಾಡಿಗೆ ಸೊನ್ನೆ, ಬಡ್ಡಿ ಮತ್ತು ಅಸಲು ಸೇರಿ 45 ಲಕ್ಷ ಹಾಗೇ ನಿಂತಿದೆ. ಖಾಲಿ ಆಫೀಸಿಗೆ ಮೂರು ತಿಂಗಳು ಕಳೆದರೆ ಮಾಲೀಕನೇ ಬಿಸಿನೆಸ್ ರೇಟ್ಸ್ ತೆರಿಗೆ ಕಟ್ಟಬೇಕು. ಕಾವಲಿಗೆ, ವಿಮೆಗೆ ಬೇರೆ ದುಡ್ಡು. ಹೊಸಬರು ಬರುವುದಾದರೆ ‘ಮೊದಲ ಒಂದು ವರ್ಷ ಬಾಡಿಗೆ ಬೇಡ’ ಅನ್ನುವ ಷರತ್ತಿನ ಮೇಲೇ ಬರುತ್ತಾರೆ.

ಇನ್ನೊಂದು ಪೆಟ್ಟು ಇದೆ. ಬಾಡಿಗೆ ಒಂದು ಪೈಸೆ ಇಳಿಯದಿದ್ದರೂ ಬೆಲೆ ಇಳಿಯಬಹುದು. ಕೊಳ್ಳುವವರು ಹಾಕಿದ ದುಡ್ಡಿಗೆ ವರ್ಷಕ್ಕೆ ಐದೂವರೆ ಪರ್ಸೆಂಟ್ ಆದಾಯಕ್ಕೆ ಒಪ್ಪುವಾಗ 55 ಲಕ್ಷ ಬಾಡಿಗೆಯ ಕಟ್ಟಡಕ್ಕೆ 10 ಕೋಟಿ ಸಿಗುತ್ತದೆ. ಬ್ಯಾಂಕಿನ ಬಡ್ಡಿ ಏರಿ ಅವರು ಎಂಟು ಪರ್ಸೆಂಟ್ ಬೇಕು ಅಂದರೆ ಅದೇ ಕಟ್ಟಡ 7 ಕೋಟಿಗೂ ಹೋಗುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಬಡ್ಡಿ ದರ 2016ರ ಆಗಸ್ಟ್‌ನಲ್ಲಿ ಕಾಲು ಪರ್ಸೆಂಟ್ ಇತ್ತು. 2023ರ ಆಗಸ್ಟ್‌ಗೆ 5.25 ಆಗಿತ್ತು. ನಡುವೆ ಕೊರೊನಾ ಬಂದು ಅರ್ಧ ಜನ ಮನೆಯಿಂದ ಕೆಲಸ ಶುರು ಮಾಡಿದರು. ಯಜಮಾನರು ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗುತ್ತಾರೆ? ಆ ಖಾಲಿ ಕುರ್ಚಿಗಳೂ ಈ ಲೆಕ್ಕದಲ್ಲಿವೆ.

ಹಾಗಾದರೆ ಬುದ್ಧಿವಂತರೇ ಇದ್ದ ಕೌನ್ಸಿಲ್‌ಗಳು ಇದಕ್ಕೆ ಬಿದ್ದದ್ದು ಯಾಕೆ? ಜೂಜಿನ ಚಟ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಿಜ ಬೇರೆ. 2010ರಿಂದ ಲಂಡನ್ನಿನ ಕೇಂದ್ರ ಸರ್ಕಾರ ಕೌನ್ಸಿಲ್‌ಗಳ ಅನುದಾನ ಕಡಿಯುತ್ತಾ ಬಂತು. 2010-11ರಿಂದ 2017-18ರ ಒಳಗೆ ಬೆಲೆ ಏರಿಕೆ ಕಳೆದು ನೋಡಿದರೆ ಹೆಚ್ಚುಕಡಿಮೆ ಅರ್ಧ ಹೋಯಿತು. ಜನಮತ ಕೇಳದೆ ತೆರಿಗೆಯನ್ನು ಒಂದು ಮಿತಿಗಿಂತ ಏರಿಸುವ ಹಾಗಿಲ್ಲ. ‘ನಿಮ್ಮ ದಾರಿ ನೀವು ನೋಡಿಕೊಳ್ಳಿ, ವ್ಯಾಪಾರಿಗಳ ಹಾಗೆ ಯೋಚಿಸಿ’ ಅನ್ನುವ ಗಾಳಿ ಬೀಸುತ್ತಿತ್ತು. ವಯಸ್ಸಾದವರ ಆರೈಕೆ ಕೇಂದ್ರ ಮುಚ್ಚಬೇಕಾ, ಕಟ್ಟಡ ಕೊಳ್ಳಬೇಕಾ ಅಂತ ಕೇಳಿದರೆ ಯಾರು ಏನು ಹೇಳುತ್ತಾರೆ? ನಾನು ಸಹಿ ಹಾಕಿದ್ದೂ ಅಂಥ ಒಂದು ಸಂಜೆ.

ಇದರ ಜೊತೆಗೆ ಸಾಲ ಕೈಗೆಟುಕುವಷ್ಟು ಹತ್ತಿರ ಇತ್ತು. ಪಬ್ಲಿಕ್ ವರ್ಕ್ಸ್ ಲೋನ್ ಬೋರ್ಡ್ ಅಂತ ಸರ್ಕಾರದ್ದೇ ಒಂದು ಸಾಲದ ಕಿಂಡಿ ಇದೆ. 1793ರಷ್ಟು ಹಳೆಯದು. ಅಲ್ಲಿ ಬ್ಯಾಂಕ್ ಮ್ಯಾನೇಜರ್ ಕೇಳುವ ಪ್ರಶ್ನೆ ಯಾವುದನ್ನೂ ಕೇಳುತ್ತಿರಲಿಲ್ಲ. ಕಟ್ಟಡ ನೋಡಲು ಯಾರೂ ಬರುತ್ತಿರಲಿಲ್ಲ. ಅರ್ಜಿ ಕೊಟ್ಟ ಎರಡು ಮೂರು ದಿನಕ್ಕೆ ದುಡ್ಡು ಖಾತೆಗೆ. ನಿಮ್ಮ ಫ್ಲ್ಯಾಟಿನ ಸಾಲಕ್ಕೆ ನೀವು ಎಷ್ಟು ಕಾಗದ ಕೊಟ್ಟಿರಿ ಅಂತ ಒಮ್ಮೆ ನೆನಪಿಸಿಕೊಳ್ಳಿ. ಮೊದಲು ಇಲ್ಲೂ ಸಾಲಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು. 2004ರಿಂದ ‘ವಿವೇಕದಿಂದ ನೀವೇ ತೀರ್ಮಾನಿಸಿ’ ಅಂತ ಬಿಟ್ಟರು. ನಮ್ಮ ಕರ್ನಾಟಕದ ನಗರಸಭೆ, ಪಾಲಿಕೆಗಳು ಸಾಲಕ್ಕೆ ಸರ್ಕಾರದ ಮುಂದೆ ಕೈಕಟ್ಟಿ ನಿಲ್ಲಬೇಕು. ಅದು ಬರೀ ತಲೆನೋವು ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಒಪ್ಪಿಗೆ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ ಬಿಡಿ. ಬೆಂಗಳೂರು ಪಾಲಿಕೆ ಕೆ.ಆರ್. ಮಾರುಕಟ್ಟೆಯಂಥ ಕಟ್ಟಡಗಳನ್ನೇ ಕೇಂದ್ರ ಸರ್ಕಾರದ ಸಾಲ ಸಂಸ್ಥೆ ಹುಡ್ಕೋ ಹತ್ತಿರ ಅಡ ಇಟ್ಟು ಸಾಲ ತಂದದ್ದು ನಿಮಗೂ ನೆನಪಿರಬಹುದು.

ಒಟ್ಟಿನಲ್ಲಿ 2016ರಿಂದ 2019ರ ಮೂರು ವರ್ಷದಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳು ವಾಣಿಜ್ಯ ಆಸ್ತಿಗೆ 660 ಕೋಟಿ ಪೌಂಡ್ ಸುರಿದವು. ಅದರ ಹಿಂದಿನ ಮೂರು ವರ್ಷಕ್ಕೆ ಹೋಲಿಸಿದರೆ ಹದಿನಾಲ್ಕು ಪಟ್ಟು. ಸಂಸತ್ತಿನ ಪರವಾಗಿ ಸರ್ಕಾರದ ಲೆಕ್ಕ ನೋಡುವ ತಪಾಸಣಾ ಕಚೇರಿ 2020ರ ಫೆಬ್ರವರಿಯಲ್ಲಿ ಕೊಟ್ಟ ಅಂಕಿ ಇದು. ಆ ವರ್ಷದ ನವೆಂಬರ್‌ನಲ್ಲಿ ಬಾಡಿಗೆ ಲಾಭಕ್ಕಾಗಿಯೇ ಆಸ್ತಿ ಕೊಳ್ಳುವವರಿಗೆ ಆ ಕಿಂಡಿ ಮುಚ್ಚಿದರು. ಅದೇ ತಿಂಗಳು ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ 114ರ ನೋಟಿಸ್ ಕೊಟ್ಟಿತು. 2018ರಲ್ಲಿ ಅದು ಸುಮಾರು 3 ಕೋಟಿ ಪೌಂಡ್ ಕೊಟ್ಟು ಒಂದು ಹೋಟೆಲ್ ಕೊಂಡಿತ್ತು. ಎರಡು ವರ್ಷಕ್ಕೆ ಹೋಟೆಲ್ ನಡೆಸುವವರೇ ಕೈ ಎತ್ತಿದರು. ಕೊನೆಗೆ ಅದು ಹೋದದ್ದು ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ.

ನನ್ನ ಕೇಳಿದರೆ ಕಟ್ಟಡ ಕೊಂಡದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದರ ಹೆಸರು ಎಂಆರ್‌ಪಿ. ನಮಗೆಲ್ಲ ಎಂಆರ್‌ಪಿ ಅಂದರೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ಬೆಲೆ. ಇಲ್ಲಿನ ಕೌನ್ಸಿಲ್ ಲೆಕ್ಕದಲ್ಲಿ ಅದು ಅಸಲು ತೀರಿಸಲು ವರ್ಷ ವರ್ಷ ಕಡ್ಡಾಯವಾಗಿ ಎತ್ತಿಡಬೇಕಾದ ಹಣ. ಮೇಲಿನ ಲೆಕ್ಕದ ಆ 20 ಲಕ್ಷ. ಮೊದಲು ಇಂತಿಷ್ಟು ಅಂತ ನಿಯಮ ಇತ್ತು. 2008ರಲ್ಲಿ ಅದನ್ನು ತೆಗೆದು ‘ವಿವೇಕಯುತವಾದಷ್ಟು’ ಅಂದರು. ಅಲ್ಲಿಂದ ಜಾಣತನ ಶುರು. ‘ಆಸ್ತಿ ಇದೆಯಲ್ಲ, ಕೊನೆಗೆ ಮಾರಿ ತೀರಿಸುತ್ತೇವೆ’ ಅಂತ ಕೆಲವರು ಎತ್ತಿಡಲೇ ಇಲ್ಲ. ‘ನಾವು ಸಾಲ ಕೊಟ್ಟದ್ದು ನಮ್ಮದೇ ಕಂಪನಿಗೆ, ಅದು ವಾಪಸ್ ಕೊಡುತ್ತದೆ’ ಅಂತ ಇನ್ನು ಕೆಲವರು. ವೋಕಿಂಗ್ ಎಡವಿದ್ದು ಇಲ್ಲೇ. ಎತ್ತಿಡಬೇಕಾದಷ್ಟು ಎತ್ತಿಡಲಿಲ್ಲ. ಎಷ್ಟೋ ವರ್ಷ ಬಜೆಟ್ ನೋಡಲು ಚೆನ್ನಾಗಿಯೇ ಇತ್ತು, ಯಾಕೆಂದರೆ ಅದರಲ್ಲಿ ಅಸಲಿನ ಸಾಲೇ ಪೂರ್ತಿ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಜನಕ್ಕೆ ಯಾಕೆ ಗೊತ್ತಾಗಲಿಲ್ಲ ಅಂದಿರಾ? ನಾನಿದ್ದ ಒಂದು ಕೌನ್ಸಿಲ್‌ನಲ್ಲಿ ಗುಟ್ಟಿನ ಕಡತಗಳನ್ನು ಗುಲಾಬಿ ಬಣ್ಣದ ಹಾಳೆಯಲ್ಲಿ ಅಚ್ಚು ಹಾಕುತ್ತಿದ್ದರು. ವ್ಯಾಪಾರದ ಗುಟ್ಟು ಅನ್ನುವ ಕಾರಣಕ್ಕೆ ಸಾರ್ವಜನಿಕರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಆ ಹಾಳೆ ಹಂಚುತ್ತಿದ್ದರು. ಸಭೆ ಮುಗಿದ ಮೇಲೆ ಎಣಿಸಿ ವಾಪಸ್ ತೆಗೆದುಕೊಳ್ಳುವುದು. ಕೋಟಿಗಟ್ಟಲೆ ಪೌಂಡಿನ ಖರೀದಿ ಒಮ್ಮೆ ಇಪ್ಪತ್ತೇ ನಿಮಿಷದಲ್ಲಿ ಮುಗಿದದ್ದು ನೋಡಿದ್ದೇನೆ. ಅದೇ ರಾತ್ರಿ ಒಂದು ಪಾರ್ಕಿಂಗ್ ಜಾಗದ ದರದ ಬಗ್ಗೆ ಒಂದೂವರೆ ಗಂಟೆ ಜಗಳ ನಡೆಯಿತು. ಪಾರ್ಕಿಂಗ್ ದರ ಎಲ್ಲರಿಗೂ ಅರ್ಥವಾಗುತ್ತದೆ ನೋಡಿ. ಹೊರಗಿನಿಂದ ಲೆಕ್ಕ ನೋಡುತ್ತಿದ್ದ ಆಡಿಟ್ ಕಮಿಷನ್ನನ್ನು 2015ರಲ್ಲಿ ಮುಚ್ಚಿದರು. ಆಮೇಲೆ ಆಡಿಟ್‌ಗಳು ವರ್ಷಗಟ್ಟಲೆ ಬಾಕಿ ಬಿದ್ದವು.

ಇನ್ನು ನಿಮ್ಮ ತೆರಿಗೆ. ವೋಕಿಂಗ್‌ಗೆ 2024ರಲ್ಲಿ ಶೇ 10ರ ತನಕ ಏರಿಸಲು ವಿಶೇಷ ಅನುಮತಿ ಸಿಕ್ಕಿತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಬಿಲ್ ತೆಗೆದು ನೋಡಿ. ಅದರಲ್ಲಿ ದೊಡ್ಡ ಪಾಲು ಸರ್ರಿ ಕೌಂಟಿಯದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಬರೋಗಳ ಮೇಲಿನದು), ಒಂದಿಷ್ಟು ಪೊಲೀಸಿನದು. ವೋಕಿಂಗ್ ಕೌನ್ಸಿಲ್‌ನದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಏರಿದ್ದು ಆ ಪಾಲಿನ ಹತ್ತು ಪರ್ಸೆಂಟ್. ಸಾಧಾರಣ ಮನೆಗೆ ವರ್ಷಕ್ಕೆ ಮೂವತ್ತು ಪೌಂಡ್‌ಗಿಂತ ಕಡಿಮೆ. ಕ್ರಾಯ್ಡನ್‌ನವರ ಸ್ಥಿತಿ ಬೇರೆ. ಲಂಡನ್ ಬರೋಗಳಲ್ಲಿ ಕೌನ್ಸಿಲ್‌ನ ಪಾಲೇ ಜಾಸ್ತಿ, ಅಲ್ಲಿ 2023ರಲ್ಲಿ ಶೇ 15ರಷ್ಟು ಏರಿದಾಗ ಜೇಬಿಗೇ ತಟ್ಟಿತು.

ಇದನ್ನೇ ತಿರುಗಿಸಿ ನೋಡಿದರೆ ನಿಜವಾದ ಕಷ್ಟ ಕಾಣುತ್ತದೆ. ಮನೆಗೆ ಮೂವತ್ತು ಪೌಂಡ್ ಜಾಸ್ತಿ ತೆಗೆದುಕೊಂಡು 180 ಕೋಟಿ ಸಾಲ ಯಾವ ಜನ್ಮಕ್ಕೂ ತೀರುವುದಿಲ್ಲ. ಸಾಲದ ಒಂದಷ್ಟನ್ನು ಲಂಡನ್ ಸರ್ಕಾರವೇ ಹೊರಬೇಕು, ಅಂದರೆ ಇಡೀ ದೇಶದ ತೆರಿಗೆದಾರರು. 50 ಕೋಟಿ ಪೌಂಡ್ ತೀರಿಸಲು ಸರ್ಕಾರ ತಾತ್ವಿಕವಾಗಿ ಒಪ್ಪಿದೆ.

ಕಟ್ಟಡಗಳನ್ನೆಲ್ಲ ಈಗಲೇ ಮಾರಿ ಕೈತೊಳೆದುಕೊಳ್ಳಬಾರದೇ ಅಂತ ಬಹಳ ಜನ ಕೇಳುತ್ತಾರೆ. ಮಾರುವವನಿಗೆ ಅವಸರ ಇದೆ ಅಂತ ಗೊತ್ತಾದರೆ ಕೊಳ್ಳುವವನು ಬೆಲೆ ಇಳಿಸಿಯೇ ಕೇಳುತ್ತಾನೆ. ಹಾಗಂತ ಹಿಡಿದುಕೊಂಡು ಕೂತರೆ ರಿಪೇರಿ, ಬಡ್ಡಿ ಓಡುತ್ತಲೇ ಇರುತ್ತವೆ. ಒಂದು ಸಮಾಧಾನ ಇದೆ. ಕಡಿಮೆ ಬಡ್ಡಿಯ ಕಾಲದಲ್ಲಿ ತಂದ ದೀರ್ಘ ಸಾಲವನ್ನು ಬಡ್ಡಿ ಏರಿರುವಾಗ ಅವಧಿಗೆ ಮುಂಚೆ ತೀರಿಸಿದರೆ ಆ ಸಾಲದ ಬೋರ್ಡು ಸ್ವಲ್ಪ ರಿಯಾಯಿತಿ ಕೊಡುತ್ತದೆ. ಕಟ್ಟಡದಲ್ಲಿ ಹೋದದ್ದರಲ್ಲಿ ಒಂದು ಭಾಗ ಹೀಗೆ ವಾಪಸ್ ಬರಬಹುದು. ಬಾಡಿಗೆ ಗಟ್ಟಿ ಇರುವುದನ್ನು ಇಟ್ಟುಕೊಂಡು, ದೊಡ್ಡ ರಿಪೇರಿ ಬರಲಿರುವುದನ್ನು ಮೊದಲು ಮಾರುವುದು ನನಗೆ ಸರಿ ಕಾಣುತ್ತದೆ.

ಗಿಲ್ಫರ್ಡ್ ವಿಷಯಕ್ಕೆ ಬಂದರೆ, ಯಜಮಾನರಿಗೆ ಒಂದು ಮಾತು ಹೇಳಿ. ಸರ್ರಿಯ ಕೌಂಟಿ, ಬರೋ ಎಲ್ಲವನ್ನೂ ತೆಗೆದು ಎರಡೇ ಕೌನ್ಸಿಲ್ ಮಾಡಲು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದೆ. ಹೊಸ ವ್ಯವಸ್ಥೆ 2027ರ ಏಪ್ರಿಲ್‌ನಿಂದ. ವೋಕಿಂಗ್, ಸ್ಪೆಲ್ತಾರ್ನ್, ಗಿಲ್ಫರ್ಡ್ ಮೂರೂ ಸೇರುವುದು ಒಂದೇ ಪಶ್ಚಿಮ ಸರ್ರಿಗೆ. ಮನೆ ಬದಲಿಸಿ, ಸ್ಟ್ಯಾಂಪ್ ಡ್ಯೂಟಿ ಕಟ್ಟಿ, ಲಾಯರ್‌ಗೆ ಫೀಸು ಕೊಟ್ಟು ಹೋದರೂ ಅದೇ ಸಾಲದ ಸೂರಿನ ಕೆಳಗೇ ಇರುತ್ತೀರಿ. ಮಕ್ಕಳ ಶಾಲೆಗೆ, ಕೆಲಸಕ್ಕೆ ಅಂತ ಹೋಗುವುದಾದರೆ ಹೋಗಿ. ಇದಕ್ಕಾಗಿ ಬೇಡ.

ಕೊನೆಗೆ ಪಾಸ್‌ಪೋರ್ಟ್. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಭಾರತ ಕಾಮನ್‌ವೆಲ್ತ್‌ನಲ್ಲಿರುವುದರಿಂದ ಇಲ್ಲಿ ಕಾನೂನುಬದ್ಧವಾಗಿ ವಾಸ ಮಾಡುವ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದು, ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಆ ಪಟ್ಟಿಯಲ್ಲಿ ಹೆಸರಿದ್ದರೆ ಇನ್ನೊಂದು ಹಕ್ಕು ತಾನಾಗಿ ಬರುತ್ತದೆ. 2014ರ ಸ್ಥಳೀಯ ಲೆಕ್ಕಪರಿಶೋಧನೆ ಕಾಯ್ದೆಯ ಪ್ರಕಾರ ಪ್ರತಿ ವರ್ಷ 30 ಕೆಲಸದ ದಿನ ಕೌನ್ಸಿಲ್‌ನ ಲೆಕ್ಕಪುಸ್ತಕ, ಬಿಲ್ಲು, ಒಪ್ಪಂದಗಳನ್ನು ನೋಡಲು ತೆರೆದಿಡಬೇಕು. ಸಾಮಾನ್ಯವಾಗಿ ಬೇಸಿಗೆಯಲ್ಲಿ. ದಿನಾಂಕ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಮತದಾರರು ಆಡಿಟರ್‌ಗೆ ಪ್ರಶ್ನೆ ಕೇಳಬಹುದು, ಯಾವುದಾದರೂ ಖರ್ಚು ಕಾನೂನಿಗೆ ವಿರುದ್ಧ ಅನ್ನಿಸಿದರೆ ಲಿಖಿತ ಆಕ್ಷೇಪಣೆ ಕೊಡಬಹುದು.

ಆಕ್ಷೇಪಣೆ ಕೊಡುವ ಮೊದಲು ಯೋಚಿಸಿ. ಅದನ್ನು ವಿಚಾರಿಸಲು ಆಡಿಟರ್ ತೆಗೆದುಕೊಳ್ಳುವ ಫೀಸು ಬರುವುದು ಕೌನ್ಸಿಲ್‌ನಿಂದ, ಅಂದರೆ ನಿಮ್ಮ ತೆರಿಗೆಯಿಂದ. ಉತ್ತರ ಬರಲು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಸಣ್ಣದು, ಹಳೆಯದು, ಈಗಾಗಲೇ ಕೇಳಿದ್ದು ಅನ್ನಿಸಿದರೆ ಆಡಿಟರ್ ತಳ್ಳಿಹಾಕಬಹುದು. ಹಾಗಾಗಿ ಮೊದಲ ವರ್ಷ ಬರೀ ಕಾಗದ ನೋಡಿ, ಪ್ರಶ್ನೆ ಕೇಳಿ. ‘ಎಲ್ಲ ಆಸ್ತಿಯ ದಾಖಲೆ ಕೊಡಿ’ ಅಂದರೆ ಏನೂ ಸಿಗುವುದಿಲ್ಲ. ಒಂದೇ ಕಟ್ಟಡ ಹಿಡಿಯಿರಿ, ಡ್ಯೂಕ್ಸ್ ಕೋರ್ಟ್ ಅಂತಲೇ ಇಟ್ಟುಕೊಳ್ಳಿ. ಆ ವರ್ಷ ಬಂದ ಬಾಡಿಗೆ ಎಷ್ಟು, ಎಷ್ಟು ಮಹಡಿ ಖಾಲಿ, ಬಾಡಿಗೆದಾರರು ಮುಂಚೆಯೇ ಬಿಟ್ಟುಹೋಗಬಹುದಾದ ದಿನಾಂಕ ಯಾವುದು, ಆ ಸಾಲದ ಬಡ್ಡಿ ಎಷ್ಟು, ಅಸಲಿಗೆ ಎತ್ತಿಟ್ಟದ್ದು ಎಷ್ಟು ಅಂತ ಐದು ಸಾಲಿನಲ್ಲಿ ಬರೆಯಿರಿ. ಬಾಡಿಗೆದಾರರ ಷರತ್ತುಗಳಿಗೆ ವ್ಯಾಪಾರದ ಗುಟ್ಟು ಅನ್ನಬಹುದು. ಅಸಲಿನ ಅಂಕಿಗೆ ಹಾಗೆ ಅನ್ನುವ ಹಾಗಿಲ್ಲ.

ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ. ಕೂತು ಓದೋಣ.